ನನ್ನ ಕೈಗಷ್ಟೇ ಕಾಯುತ್ತಿದ್ದ ಕಾರು

ಆ ಕಾರು ನನ್ನ ಕೈಯಲ್ಲಿ ಮಾತ್ರ ಕಾಯುತ್ತಿತ್ತು. ಇದು ನನ್ನ ಮಾತಲ್ಲ. ತಿಕೋಟಾದ ಬಸ್ ಸ್ಟ್ಯಾಂಡಿನಿಂದ ಹಿಡಿದು ನಮ್ಮ ಅಡುಗೆಮನೆಯವರೆಗೆ ಎಲ್ಲರೂ ಒಪ್ಪಿಕೊಂಡಿದ್ದ ಮಾತು. ಮಾವನವರು ಸ್ಟಿಯರಿಂಗ್ ಹಿಡಿದರೆ ತಣ್ಣಗೆ ಓಡುತ್ತಿತ್ತು. ನಾನು ಹಿಡಿದರೆ ಏಳೆಂಟು ಮೈಲಿಯೊಳಗೆ ಬಾನೆಟ್ಟಿನ ಕೆಳಗಿಂದ ಹಬೆ ಏಳುತ್ತಿತ್ತು. ಇದಕ್ಕಿಂತ ಹೆಚ್ಚಿನ ಎವಿಡೆನ್ಸ್ ಯಾರಿಗೆ ಬೇಕಿತ್ತು? ಅದನ್ನು ನಾನು ಆಗ ಒಪ್ಪಲಿಲ್ಲ. ಐವತ್ತು ವರ್ಷದ ಮೇಲೂ ಒಪ್ಪುವುದಿಲ್ಲ.

ಕಾರು ನನ್ನ ತಂದೆಯದು. ವಿಜಯಪುರದಲ್ಲಿ, ಆಗಿನ ವಿಜಾಪುರದಲ್ಲಿ, ಅವರು ಡಾಕ್ಟರು. ಗುಂಡುಬೆನ್ನಿನ, ಕರಿಯ, ಆಗಲೇ ಹಳೆಯದಾಗಿದ್ದ ಇಂಗ್ಲಿಷ್ ಗಾಡಿ. ನಾನು ಕಾನ್ವೆಂಟಿನ ಕೊನೆಯ ವರ್ಷದಲ್ಲಿದ್ದಾಗ ಗೋಳಗುಮ್ಮಟದ ಆಚೆಯ ಖಾಲಿ ರಸ್ತೆಯಲ್ಲಿ, ಸೀಟಿನ ಮೇಲೆ ತಲೆದಿಂಬು ಇಟ್ಟು ಕೂರಿಸಿ ನನಗೆ ಡ್ರೈವಿಂಗ್ ಕಲಿಸಿದರು. ಮುಂದೆ ಅವರ ಕಣ್ಣು ಮಂಜಾದವು. ನನಗೆ ಮದುವೆಯಾಗಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಾಗ ಕೀಲಿಕೈ ನನ್ನ ಕೈಗೆ ಹಾಕಿದರು. ಅದರ ಜೊತೆಗೇ ಕಂದು ಕಾಗದದ ಹೊದಿಕೆ ಹಾಕಿದ ಹ್ಯಾಂಡ್‌ಬುಕ್ಕನ್ನೂ ಕೊಟ್ಟು, ಕಾರು ಹೋದರೆ ಹೋಗಲಿ, ಈ ಪುಸ್ತಕ ಮಾತ್ರ ಕಳೆಯಬೇಡ ಎಂದರು.

ನನ್ನನ್ನು ಕೊಟ್ಟದ್ದು ತಿಕೋಟಾಕ್ಕೆ. ಗಂಡ ಸೊಲ್ಲಾಪುರದ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದವರು, ತಿಂಗಳಿಗೆ ಎರಡು ಸಲ ಬರುತ್ತಿದ್ದರು. ಮನೆಯಲ್ಲಿ ಅತ್ತೆ, ಮಾವ, ನಾನು. ಮಾವನವರು ದೊಡ್ಡ ಒಕ್ಕಲುತನದವರು, ಮಾತು ಕಡಿಮೆ, ಮೀಸೆ ಹೆಚ್ಚು. ಸೊಸೆ ನೌಕರಿ ಮಾಡುವುದಕ್ಕೆ ಊರೆಲ್ಲ ಮೂಗು ಮುರಿದಾಗ ಒಪ್ಪಿದವರು ಅವರೊಬ್ಬರೇ. ಅದನ್ನು ಹೇಳದೆ ಮುಂದಿನದನ್ನು ಹೇಳಿದರೆ ಅನ್ಯಾಯವಾದೀತು.

ಅಥಣಿ ಕಡೆಯಿಂದ ಬರುವ ಬೆಳಗಿನ ಬಸ್ಸು ತಿಕೋಟಾಕ್ಕೆ ಬರುವಷ್ಟರಲ್ಲಿ ಬಾಗಿಲಿಗೆ ಜನ ಜೋತುಬಿದ್ದಿರುತ್ತಿದ್ದರು. ಕಂಡಕ್ಟರ್ ನಿಲ್ಲಿಸಿದರೆ ಪುಣ್ಯ. ಹೀಗಾಗಿ ಮುಂಜಾನೆ ಅಥಣಿ ರಸ್ತೆ ಹಿಡಿದು ವಿಜಾಪುರಕ್ಕೆ ಕಾರು ಓಡಿಸುತ್ತಿದ್ದವಳು ನಾನು. ಮಾವನವರು ಹೊಲದ ಕೆಲಸ ಹಚ್ಚಿಕೊಟ್ಟು ಮಧ್ಯಾಹ್ನದ ಬಸ್ಸಿಗೆ ವಿಜಾಪುರಕ್ಕೆ, ಕಾಳುಕಡಿ ಮಾರುವ ಅಡತಿ ಅಂಗಡಿಗೆ ಬರುತ್ತಿದ್ದರು. ಸಂಜೆ ಶಾಲೆಯ ಗೇಟಿನ ಮುಂದೆ ಬಂದು ನಿಲ್ಲುತ್ತಿದ್ದರು. ನಾನು ಎಡಗಡೆಯ ಸೀಟಿಗೆ ಸರಿಯುತ್ತಿದ್ದೆ, ಅವರು ಓಡಿಸುತ್ತಿದ್ದರು. ಸೊಸೆ ಓಡಿಸುವ ಕಾರಿನಲ್ಲಿ ಪಕ್ಕಕ್ಕೆ ಕೂತು ಬಸ್ ಸ್ಟ್ಯಾಂಡಿನ ಮುಂದೆ ಹಾದುಹೋಗುವುದು ಅವರ ಕೈಲಾಗದ ಕೆಲಸ. ನನಗೂ ಅದರ ಬಗ್ಗೆ ತಕರಾರು ಇರಲಿಲ್ಲ. ಇಡೀ ದಿನ ಮಕ್ಕಳ ಜೊತೆ ಗಂಟಲು ಹರಿದುಕೊಂಡವಳಿಗೆ ಸಂಜೆ ಸುಮ್ಮನೆ ಕೂರುವುದೇ ಸುಖ.

ಪೆಟ್ರೋಲಿನ ದರ ಒಮ್ಮೆಲೇ ಏರಿ ಎಲ್ಲರ ಬಾಯಲ್ಲೂ ಅದೇ ಮಾತಾಗಿದ್ದ ಕಾಲ. ಬೇಸಿಗೆ ರಜೆಗೆ ನಾನು ತವರಿಗೆ ಹೋಗಿದ್ದೆ, ಕಾರು ತಿಕೋಟಾದಲ್ಲೇ ಇತ್ತು. ಜೂನಿನಲ್ಲಿ ಶಾಲೆ ಶುರುವಾಗಿ ಇನ್ನೂ ವಾರವಾಗಿರಲಿಲ್ಲ. ಒಂದು ಮುಂಜಾನೆ, ಅರ್ಧದಾರಿಯಲ್ಲಿ, ಡ್ಯಾಶ್‌ಬೋರ್ಡಿನ ಮುಳ್ಳು ಸರಸರನೆ ಮೇಲೇರಿತು. ಬಾನೆಟ್ ಎತ್ತಿದರೆ ರೇಡಿಯೇಟರ್ ಅನ್ನದ ಗಡಿಗೆಯಂತೆ ಕೊತಕೊತ ಕುದಿಯುತ್ತಿತ್ತು. ತಣ್ಣಗಾಗಲು ಬಿಟ್ಟು, ಡಿಕ್ಕಿಯಲ್ಲಿದ್ದ ತಗಡಿನ ಡಬ್ಬಿಯ ನೀರು ಹಾಕಿ ಹೊರಟಾಗ ಶಾಲೆಯಲ್ಲಿ ಪ್ರೇಯರ್ ಮುಗಿದು, ಮೊದಲ ಪೀರಿಯಡ್ಡೂ ಮುಗಿಯುತ್ತ ಬಂದಿತ್ತು. ಅದೇ ಸಂಜೆ ಮಾವನವರು ಅದೇ ರಸ್ತೆಯಲ್ಲಿ ಅದೇ ಕಾರನ್ನು ಮನೆಗೆ ತಂದರು. ಮುಳ್ಳು ಅಲುಗಲಿಲ್ಲ.

ಮುಂಜಾನೆ ತಂಪು ಹೊತ್ತು, ಸಂಜೆ ಕಾದ ಹೊತ್ತು. ಕಾಯಬೇಕಾದ್ದು ಸಂಜೆ. ಆದರೆ ಕಾದದ್ದು ನನ್ನ ಕೈಯಲ್ಲಿ. ಎರಡನೆಯ ಸಲವೂ ಹಾಗೇ ಆಯಿತು, ಮೂರನೆಯ ಸಲವೂ. ಊರಿನಲ್ಲಿ ಥಿಯರಿಗಳಿಗೆ ಬರವಿರಲಿಲ್ಲ. ಹೆಂಗಸರ ಕಾಲು ಕ್ಲಚ್ಚಿನ ಮೇಲೇ ಇರುತ್ತದೆ, ಅದಕ್ಕೇ ಎಂದರು ಕೆಲವರು. ಹೀಲ್ಡ್ ಚಪ್ಪಲಿಯ ದೋಷ ಎಂದವರೂ ಇದ್ದರು. ಅತ್ತೆ ದೃಷ್ಟಿ ತಾಕಿದೆ ಎಂದು ಬಂಪರಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಗಂಡ ಸೊಲ್ಲಾಪುರದಿಂದ ಬಂದಾಗ ಹೇಳಿಕೊಂಡೆ. ಅವರು ತಂದೆಯ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಗಾಡಿ ನ್ಯೂಟ್ರಲ್‌ನಲ್ಲಿ ಇಟ್ಟವರ ಹಾಗೆ ಪೇಪರ್ ಓದುತ್ತ ಕೂತರು.

ಐದನೆಯ ಸಲ ಕಾದ ದಿನ ಹೆಡ್‌ಮಿಸ್ಟ್ರೆಸ್ ನನ್ನನ್ನು ರೂಮಿಗೆ ಕರೆದರು. ಇನ್ನೊಂದು ಸಲ ತಡವಾದರೆ ನಿಮ್ಮ ಕ್ಲಾಸುಗಳನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಬಹಳ ಪೊಲೈಟಾಗಿ ಹೇಳಿದರು. ಆ ಸಂಜೆ ಊಟವಾದ ಮೇಲೆ ಮಾವನವರು ಎಲೆ ಅಡಿಕೆ ಹಾಕಿಕೊಂಡು ತಮ್ಮ ತೀರ್ಪು ಕೊಟ್ಟರು.

“ನೋಡವಾ, ಇನ್ನೊಂದ ಸಲ ನಿನ್ನ ಕೈಯಾಗ ಕಾದರ ಕೀಲಿಕೈ ನನ್ನ ಕಡೆ ಕೊಟ್ಟಬಿಡು. ನೌಕರಿ ಇಲ್ಲದಿದ್ರ ಈ ಮನ್ಯಾಗ ಯಾರೂ ಉಪಾಸ ಬೀಳೂದಿಲ್ಲ.”

ಸಿಟ್ಟಿನಿಂದ ಹೇಳಿದ ಮಾತಲ್ಲ, ನನ್ನ ತಾಪತ್ರಯ ತಪ್ಪಿಸುತ್ತಿದ್ದೇನೆಂದೇ ಅವರು ತಿಳಿದಿದ್ದರು. ಅದಕ್ಕೇ ಅದು ನನಗೆ ಹೆಚ್ಚು ಉರಿಯಿತು. ಆದರೆ ಅಳಲಿಲ್ಲ. ಪೆಟ್ಟಿಗೆಯಿಂದ ಹ್ಯಾಂಡ್‌ಬುಕ್ ತೆಗೆದೆ. ಆ ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ, ಆವರೆಗೆ ನಾನೂ ಓದಿರಲಿಲ್ಲ.

ಅದರಲ್ಲಿ ಓವರ್‌ಹೀಟಿಂಗ್ ಎಂಬ ತಲೆಬರಹದ ಕೆಳಗೆ ಒಂದು ಪಟ್ಟಿ ಇತ್ತು. ನೀರು ಕಡಿಮೆಯಿದೆಯೇ, ಫ್ಯಾನ್ ಬೆಲ್ಟ್ ಸಡಿಲವಾಗಿದೆಯೇ, ರೇಡಿಯೇಟರ್ ಕಟ್ಟಿಕೊಂಡಿದೆಯೇ, ಥರ್ಮೋಸ್ಟ್ಯಾಟ್ ಅಂಟಿಕೊಂಡಿದೆಯೇ. ಒಂದೊಂದನ್ನೇ ನೋಡುತ್ತ ಹೋದೆ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಪುಸ್ತಕದಲ್ಲಿ ಹೇಳಿದಷ್ಟೇ ಬಗ್ಗುತ್ತಿತ್ತು. ಒಂದು ರವಿವಾರ ರೇಡಿಯೇಟರಿನ ಕೆಳಗಿನ ಪೈಪ್ ಬಿಚ್ಚಿ, ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟು ತೊಳೆದೆ. ಸ್ವಲ್ಪ ತುಕ್ಕು ಬಂತು, ಅಷ್ಟೇ. ಉಳಿದದ್ದು ಥರ್ಮೋಸ್ಟ್ಯಾಟ್. ನೀರು ಕಾದಾಗ ತಾನಾಗಿ ಬಾಯಿ ತೆರೆಯುವ ಹಿತ್ತಾಳೆಯ ಪುಟ್ಟ ಬಿರಡೆ ಅದು. ಅದನ್ನು ದಾರಕ್ಕೆ ಕಟ್ಟಿ ಅಡುಗೆಮನೆಯ ಒಲೆಯ ಮೇಲೆ, ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯುತ್ತ ನಿಂತೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಂದು ಬಗ್ಗಿ ನೋಡಿದರು.

“ಏನ ಕುದಸಾಕತ್ತೀಯವಾ ಇದು?”

“ಕಾರಿನ ಗಂಟಲ್ರಿ ಅತ್ತಿ.”

“ಉಪ್ಪು ಹಾಕೀಯೇನ?” ಅಂದರು, ನಗದೆ.

ಪಾತ್ರೆ ಕುದಿಯುವ ಮೊದಲೇ ಬಿರಡೆ ಬಾಯಿ ತೆರೆಯಿತು. ಅದೂ ಸರಿಯಾಗಿತ್ತು. ಪಟ್ಟಿ ಮುಗಿದಿತ್ತು. ಪುಸ್ತಕದ ಪ್ರಕಾರ ನನ್ನ ಕಾರಿಗೆ ಯಾವ ರೋಗವೂ ಇರಲಿಲ್ಲ. ಹಾಗಾದರೆ ರೋಗ ನನ್ನದೇ ಎಂದಾಯಿತಲ್ಲ! ಆ ರಾತ್ರಿ ಒಂದು ಕ್ಷಣ ನನಗೂ ಹಾಗೇ ಅನ್ನಿಸಿತು. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಕಾನ್ವೆಂಟಿನಲ್ಲಿ ನಮಗೊಬ್ಬರು ಸಿಸ್ಟರ್ ಇದ್ದರು. ನೇಚರ್ ಸ್ಟಡಿ ಎಂದು ದಿನವೂ ನೋಟ್‌ಬುಕ್ಕಿನಲ್ಲಿ ಆಕಾಶ ಹೇಗಿತ್ತು, ಗಾಳಿ ಎತ್ತ ಬೀಸಿತು ಎಂದು ಬರೆಸುತ್ತಿದ್ದರು. ಗೊತ್ತಿಲ್ಲದಿದ್ದರೆ ಊಹಿಸಬೇಡ, ಕಂಡದ್ದನ್ನು ಬರೆ ಎನ್ನುವುದು ಅವರ ರೂಲ್. ನಾನೂ ಒಂದು ನೋಟ್‌ಬುಕ್ ತೆಗೆದುಕೊಂಡು ಐದೂ ಸಲ ಕಂಡದ್ದನ್ನು ನೆನಪಿದ್ದಷ್ಟು ಬರೆದೆ. ಎಲ್ಲಿ ನಿಂತೆ, ಎಷ್ಟು ಹೊತ್ತಿಗೆ, ಮುಂದೆ ಚಕ್ಕಡಿ ಇತ್ತೇ, ಬಾನೆಟ್ ಎತ್ತಿದಾಗ ಏನು ಕಂಡೆ. ಐದು ಸಲವೂ ಒಂದು ವಾಕ್ಯ ತಾನಾಗಿ ಬಂತು: ಹಬೆ ಮುಂದಕ್ಕೆ ಹೋಯಿತು. ಬಾನೆಟ್ ಎತ್ತಿದಾಗ ಹಬೆ ನನ್ನ ಮುಖಕ್ಕೆ ಹೊಡೆದು, ನನ್ನನ್ನು ದಾಟಿ ವಿಜಾಪುರದ ಕಡೆ ಓಡಿತ್ತು. ಸೀರೆಯ ಸೆರಗೂ ಅತ್ತಲೇ ಹಾರಿತ್ತು.

ನಮ್ಮ ಕಡೆಯ ಆಷಾಢದ ಗಾಳಿ ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಪಡುವಣದಿಂದ ಎದ್ದರೆ ಗಿಡಮರಗಳನ್ನೆಲ್ಲ ಮೂಡಣಕ್ಕೆ ಬಗ್ಗಿಸಿ ನಿಲ್ಲಿಸುತ್ತದೆ. ತಿಕೋಟಾ ಪಡುವಣಕ್ಕಿದೆ, ವಿಜಾಪುರ ಮೂಡಣಕ್ಕೆ. ಮುಂಜಾನೆ ನಾನು ಹೋಗುವಾಗ ಗಾಳಿ ಬೆನ್ನಿಗೆ. ಸಂಜೆ ಮಾವನವರು ಬರುವಾಗ ಎದುರಿಗೆ. ಕಣ್ಣಿಗೆ ಧೂಳು ಬೀಳುತ್ತದೆಂದು ಸಂಜೆ ದಿನಾ ಕಿಟಕಿಯ ಗಾಜು ಏರಿಸುತ್ತಿದ್ದವಳು ನಾನೇ. ಎದುರುಗಾಳಿ ರೇಡಿಯೇಟರಿನೊಳಗೆ ತಾನಾಗಿ ನುಗ್ಗುತ್ತದೆ. ಬೆನ್ನಗಾಳಿ ಕಾರಿನ ಜೊತೆಗೇ ಓಡುತ್ತದೆ, ಒಳಗೆ ಬರುವುದೇ ಇಲ್ಲ. ಗಾಳಿ ಮಂದವಾಗಿದ್ದ ಮುಂಜಾನೆಗಳಲ್ಲಿ ಕಾರು ಕಾಯದೆ ಮುಟ್ಟಿತ್ತು.

ಮರುದಿನ ಮಾವನವರಿಗೆ ಹೇಳಿದೆ. ಅವರು ಜೋರಾಗಿ ನಕ್ಕರು.

“ಗಾಳಿ ನಿನಗೊಂದು, ನನಗೊಂದು ಬೀಸತೈತೇನ?”

“ಹೌದ್ರಿ ಮಾವಾರ. ಮುಂಜಾನಿ ನನ್ನ ಬೆನ್ನಿಗೆ, ಸಂಜಿಗೆ ನಿಮ್ಮ ಮಾರಿಗೆ.”

“ಹ್ವಾದ ವರ್ಷ ಗಾಳಿ ಇರಲಿಲ್ಲೇನ? ಆಗ ಯಾಕ ಕಾಯಲಿಲ್ಲ?”

ಅದು ಒಳ್ಳೆಯ ಪ್ರಶ್ನೆಯಾಗಿತ್ತು. ಅವರಿಗೆ ಲಾಜಿಕ್ ಇಲ್ಲ ಎಂದು ನಾನೆಂದೂ ಹೇಳಿಲ್ಲ. ಆದರೆ ಪ್ರಯೋಗಕ್ಕೆ ಉತ್ತರ ಬೇಕಿಲ್ಲ, ಕಾರು ಸಾಕು. ಬರುವ ರವಿವಾರ ಅವರು ಬಬಲೇಶ್ವರಕ್ಕೆ ಒಂದು ಜೋಡಿ ಎತ್ತು ನೋಡಲು ಹೋಗುವವರಿದ್ದರು. ನಾನೂ ಬರುತ್ತೇನೆ, ಅಲ್ಲಿಂದ ಸಾರವಾಡದ ಮೇಲೆ ವಿಜಾಪುರಕ್ಕೆ ಹೋಗಿ ನನ್ನ ತಂದೆಯನ್ನು ನೋಡಿ ಬರೋಣ, ಉದ್ದಕ್ಕೂ ನೀವೇ ಓಡಿಸಿ, ನಾನು ಮುಟ್ಟುವುದಿಲ್ಲ ಎಂದೆ. ಬಬಲೇಶ್ವರದಿಂದ ವಿಜಾಪುರಕ್ಕೆ ಬರುವ ದಾರಿಯಲ್ಲೂ ಗಾಳಿ ಹಿಂದಿನಿಂದಲೇ. ಅದನ್ನು ಬಾಯಿಬಿಟ್ಟು ಹೇಳಿದೆ, ಮೋಸ ಮಾಡಲಿಲ್ಲ. ನಿಮ್ಮ ಕೈಯಲ್ಲೂ ಕಾದರೆ ಏನು ಮಾಡುತ್ತೀರಿ ಎಂದು ಕೇಳಿದೆ.

“ನನ್ನ ಕೈಯಾಗ ಕಾಯೂದಿಲ್ಲ,” ಎಂದರು, ರುಮಾಲು ಸುತ್ತಿಕೊಳ್ಳುತ್ತ.

ಶ್ರಾವಣ ಮುಗಿಯುತ್ತ ಬಂದಿತ್ತು, ಗಾಳಿ ಮಾತ್ರ ಇನ್ನೂ ಜೋರಾಗಿತ್ತು. ಎತ್ತು ಮನಸ್ಸಿಗೆ ಬರಲಿಲ್ಲ. ಬಬಲೇಶ್ವರ ಬಿಟ್ಟು ಹೊರಟೆವು. ನಾನು ಹ್ಯಾಂಡ್‌ಬುಕ್ ತೊಡೆಯ ಮೇಲೆ ಇಟ್ಟುಕೊಂಡು, ಕೈಕಟ್ಟಿ, ಮುಳ್ಳಿನ ಮೇಲೆ ಕಣ್ಣು ನೆಟ್ಟು ಕೂತೆ. ಮಾವನವರೂ ರಸ್ತೆಗಿಂತ ಹೆಚ್ಚಾಗಿ ಅದನ್ನೇ ನೋಡುತ್ತಿದ್ದರು. ಸಾರವಾಡ ಹತ್ತಿರವಾಗುತ್ತಿದ್ದಂತೆ ಅದು ಮೇಲೇರಲು ಶುರುವಾಯಿತು. ಅವರು ಸ್ಪೀಡ್ ಕಡಿಮೆ ಮಾಡಿದರು, ಇನ್ನೂ ಏರಿತು. ಸಾರವಾಡದ ಮೊದಲ ಮನೆಗಳ ಮುಂದೆ, ಹತ್ತು ಜನ ಕೂತ ಕಟ್ಟೆಯ ಎದುರಿಗೇ, ಬಾನೆಟ್ಟಿನ ಸಂದಿಯಿಂದ ಹಬೆ ಬುಸುಗುಟ್ಟಿತು.

ಕಟ್ಟೆಯ ಮೇಲಿದ್ದ ಒಬ್ಬ ಮುದುಕ ಬೀಡಿ ಬಾಯಿಂದ ತೆಗೆದ. “ಏನ್ರಿ ಸಾವ್ಕಾರ್ರ, ನಮಗೂ ಒಂದೊಂದ ಕಪ್ ಚಾ ಮಾಡ್ರೆಲಾ.”

ಮಾವನವರು ಕೆಳಗಿಳಿದು ಬಾನೆಟ್ ಎತ್ತಿದರು. ಹಬೆ ಅವರ ಮೀಸೆಯನ್ನು ದಾಟಿ, ವಿಜಾಪುರದ ಕಡೆಗೆ ಹೊರಟಿತು. ಅವರು ಅದನ್ನೇ ನೋಡುತ್ತ ನಿಂತರು. ನೋಡಿದಿರಾ ಎಂದು ಅನ್ನದೇ ಇರುವುದಕ್ಕೆ ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು.

ಆದರೆ ಹೋದ ವರ್ಷ ಯಾಕೆ ಕಾಯಲಿಲ್ಲ? ಇಂಜಿನ್ ಆರುವವರೆಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಮಡ್‌ಗಾರ್ಡಿನ ಮೇಲೆ ಪುಸ್ತಕ ಬಿಡಿಸಿ, ಪಟ್ಟಿಯನ್ನು ಬಿಟ್ಟು ಚಿತ್ರಗಳನ್ನು ನೋಡತೊಡಗಿದೆ. ಒಂದು ಚಿತ್ರದಲ್ಲಿ ಇಂಜಿನ್ನನ್ನು ಮುಂದಿನಿಂದ ತೋರಿಸಿದ್ದರು. ಪುಸ್ತಕ ನೋಡಿದೆ, ಕಾರು ನೋಡಿದೆ, ಮತ್ತೆ ಪುಸ್ತಕ ನೋಡಿದೆ. ಚಿತ್ರದ ಫ್ಯಾನಿಗೆ ಶಿಲುಬೆಯಂತೆ ಅಡ್ಡಡ್ಡ ಎರಡು ತಗಡಿನ ಪಟ್ಟಿಗಳು, ಒಟ್ಟು ನಾಲ್ಕು ಎಲೆ. ನಮ್ಮ ಕಾರಿನಲ್ಲಿದ್ದದ್ದು ಒಂದೇ ಪಟ್ಟಿ, ಎರಡು ಎಲೆ. ತಿರುಗುವಾಗ ಎರಡೋ ನಾಲ್ಕೋ ಯಾರಿಗೆ ತಿಳಿಯುತ್ತದೆ? ನಿಂತಾಗ ಯಾರು ಎಣಿಸುತ್ತಾರೆ? ಎರಡು ತಿಂಗಳು ಅದರ ಬೆಲ್ಟು ಒತ್ತಿ ನೋಡಿದ ನಾನೂ ಅದರ ಎಲೆ ಎಣಿಸಿರಲಿಲ್ಲ.

“ಮಾವಾರ, ಈ ಫ್ಯಾನಿಗೆ ನಾಕು ಎಲಿ ಇರಬೇಕ್ರಿ. ಎರಡ ಅದಾವು.”

ಅವರು ಬಗ್ಗಿ ಫ್ಯಾನನ್ನು ನೋಡಿದರು. ರುಮಾಲು ತೆಗೆದು ಮುಖ ಒರೆಸಿಕೊಂಡರು.

“ನಾಕ ಇದ್ವು,” ಎಂದರು ಕೊನೆಗೆ. “ಎರಡು ನಾನ ತಗಸೀನಿ.”

ನಡೆದದ್ದು ಹೀಗೆ. ನಾನು ರಜೆಗೆ ತವರಿಗೆ ಹೋಗಿದ್ದಾಗ ಜೈನಾಪುರದ ಮಿಸ್ತ್ರಿಯೊಬ್ಬ ನಮ್ಮ ತೋಟದ ಬಾವಿಯ ಪಂಪಿನ ಇಂಜಿನ್ ರಿಪೇರಿಗೆ ಬಂದಿದ್ದನಂತೆ. ಸುತ್ತಲಿನ ಹಳ್ಳಿಗಳ ಡೀಸೆಲ್ ಇಂಜಿನ್ನುಗಳೆಲ್ಲ ಅವನ ಕೈಯಲ್ಲೇ ಬದುಕುತ್ತಿದ್ದವು. ಪೆಟ್ರೋಲ್ ತುಟ್ಟಿಯಾಯಿತೆಂದು ಮಾವನವರು ಅಂದಾಗ ಅವನು ಕಾರಿನ ಬಾನೆಟ್ ಎತ್ತಿ ನೋಡಿ, ಇಷ್ಟು ದೊಡ್ಡ ಫ್ಯಾನ್ ತಿರುಗಿಸುವುದಕ್ಕೇ ಅರ್ಧ ಪೆಟ್ರೋಲ್ ಹೋಗುತ್ತದೆ, ಬಾವಿಯ ಇಂಜಿನ್ನಿಗೆ ಫ್ಯಾನೇ ಇಲ್ಲ, ಆದರೂ ಓಡುತ್ತದಲ್ಲ ಎಂದನಂತೆ. ಮಾವನವರಿಗೆ ಸರಿ ಎನಿಸಿತು. ಪೂರ್ತಿ ತೆಗೆಯುವುದು ಬೇಡ, ಅರ್ಧ ತೆಗೆ ಎಂದರು. ಅದು ಅವರ ಎಚ್ಚರಿಕೆ. ಆ ಮೇಲೆ ಮರೆತೇಬಿಟ್ಟರು. ಪುಸ್ತಕ ಬರೆದ ಇಂಗ್ಲಿಷಿನವರು ಏನೇನೋ ಕಾರಣ ಹೇಳಿದ್ದರು. ಚೆನ್ನಾಗಿರುವ ಫ್ಯಾನನ್ನು ಯಾರಾದರೂ ಅರ್ಧ ಬಿಚ್ಚಿಟ್ಟಾರು ಎಂದು ಪಾಪ ಅವರ ಕನಸಿನಲ್ಲೂ ಬಂದಿರಲಿಕ್ಕಿಲ್ಲ.

ಬಂದ ದಾರಿಯಲ್ಲೇ ಹಿಂದಿರುಗಿ ಜೈನಾಪುರಕ್ಕೆ ಹೋಗೋಣ ಎಂದೆ. ಮತ್ತೆ ಕಾದೀತು ಎಂದು ಅವರು ಅನುಮಾನಿಸಿದರು. ಈಗ ತಿರುಗಿದರೆ ಗಾಳಿ ಎದುರಿಗೆ, ಕಾಯುವುದಿಲ್ಲ ಎಂದೆ. ನನ್ನ ಡಬ್ಬಿಯ ನೀರನ್ನೆಲ್ಲ ರೇಡಿಯೇಟರಿಗೆ ಸುರಿದು ಹೊರಟೆವು. ಕಾಯಲಿಲ್ಲ. ಅವರು ಒಮ್ಮೆ ಮುಳ್ಳು ನೋಡಿದರು, ಒಮ್ಮೆ ನನ್ನನ್ನು ನೋಡಿದರು.

ಮಿಸ್ತ್ರಿ ಹೊಲದಲ್ಲೇ ಸಿಕ್ಕ. ಸಜ್ಜೆ ತೆನೆ ಹಿಡಿದು ಕಾಳು ಕಟ್ಟುತ್ತಿತ್ತು. ಹೊಲದ ನಡುವೆ ಎತ್ತರದ ಬಿದಿರು ಗಳುವಿನ ತುದಿಯಲ್ಲಿ ಏನೋ ಗರಗರ ತಿರುಗುತ್ತ, ಒಂದೊಂದು ಸುತ್ತಿಗೂ ತಗಡೊಂದಕ್ಕೆ ಟಕ್ ಎಂದು ಬಡಿಯುತ್ತಿತ್ತು. ನನ್ನ ಫ್ಯಾನಿನ ಇನ್ನರ್ಧ! ಹಕ್ಕಿ ಓಡಿಸಲು ಕಟ್ಟಿದ್ದ. ಕಾರಿನಲ್ಲಿದ್ದಾಗ ಎಷ್ಟು ನಿಷ್ಠೆಯಿಂದ ತಿರುಗಿತ್ತೋ ಅಷ್ಟೇ ನಿಷ್ಠೆಯಿಂದ ಅಲ್ಲೂ ತಿರುಗುತ್ತಿತ್ತು.

ನಾನು ಕೇಳಿದ್ದಕ್ಕೆ ಅವನು ಅಂಜಲಿಲ್ಲ. “ಬಾವಿ ಇಂಜಿನ್ನಿಗೆ ಫ್ಯಾನ್ ಎಲ್ಲೈತ್ರೀ ಅಕ್ಕಾರ? ಹತ್ತ ವರ್ಷ ಓಡತಾವು.”

“ಅದರ ಹೊಟ್ಟ್ಯಾಗ ಬಾವಿ ನೀರು ಹರಕೋತ ಇರತೈತಿ. ಯಾವಾಗ್ಲೂ ಹೊಸಾ ತಣ್ಣೀರು. ಈ ಕಾರು ಕುಡದ ನೀರನ್ನ ಮತ್ತ ಮತ್ತ ಕುಡೀತೈತಿ. ಅದನ್ನ ಆರಸೂದು ಯಾರು?”

ಅವನು ಗಳುವಿನ ತುದಿ ನೋಡಿದ, ಕಾರು ನೋಡಿದ, ಕಿವಿಯ ಹಿಂದೆ ತುರಿಸಿಕೊಂಡ. “ಗಾಳಿ,” ಎಂದ. ಕೂಡಲೇ ಗಳು ಕೆಳಗಿಳಿಸಲು ಹೋದ. ಜಾಣನೇ. ನಾನು ಕಲಿಸಿದ ಎಷ್ಟೋ ಹುಡುಗಿಯರಿಗೆ ಅಷ್ಟು ಬೇಗ ತಿಳಿಯುತ್ತಿರಲಿಲ್ಲ.

ಅಡ್ಡ ಬಂದವಳು ಅವನ ಹೆಂಡತಿ. ಗಳುವನ್ನು ಎರಡೂ ಕೈಯಿಂದ ಹಿಡಿದು ನಿಂತಳು. “ಕಾರಿಗೆ ಎರಡು ಉಳದಾವಲ್ಲ ಯಕ್ಕಾ? ನಮ್ಮ ಸಜ್ಜಿಗೆ ಇದೊಂದ ಐತಿ.”

ಅವಳ ಮಾತಿನಲ್ಲೂ ನ್ಯಾಯವಿತ್ತು. ಅವಳು ಅದನ್ನು ಕೇಳಿ ತಂದವಳಲ್ಲ, ಬೆಳೆ ಮಾತ್ರ ಅವಳದು. ನಾನು ಡಿಕ್ಕಿಯಿಂದ ಖಾಲಿ ನೀರಿನ ಡಬ್ಬಿ ತೆಗೆದು, ಒಂದು ಹಿಡಿ ಕಲ್ಲು ಹಾಕಿ ಕೊಟ್ಟೆ. ಅವಳು ಅಲುಗಿಸಿದಳು. ಆಚೆಯ ಹೊಲದ ಹಕ್ಕಿಗಳೂ ಎದ್ದವು. ದಿನವಿಡೀ ಇದನ್ನು ಅಲ್ಲಾಡಿಸುವವರು ಯಾರು ಎಂದು ಗಂಡನನ್ನು ನೋಡಿದಳು. ಅವನು ತಾನೇ ಎಂಬಂತೆ ತಲೆ ತಗ್ಗಿಸಿದ. ಗಳು ಬಿಟ್ಟಳು.

ನಾಲ್ಕು ಬೋಲ್ಟಿನ ಕೆಲಸ, ಅರ್ಧ ಗಂಟೆ. ನಾನು ಚಿತ್ರ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಮುಗಿದ ಮೇಲೆ ಮಾವನವರು ಕೀಲಿಕೈಯನ್ನು ಬಾನೆಟ್ಟಿನ ಮೇಲಿಟ್ಟು ಹೋಗಿ ಎಡಗಡೆಯ ಬಾಗಿಲು ತೆರೆದು ಕೂತರು. ಸಾರಿ ಎನ್ನುವ ಮಾತು ಅವರ ಭಾಷೆಯಲ್ಲಿರಲಿಲ್ಲ. ನಾನು ಅದಕ್ಕಾಗಿ ಕಾಯಲಿಲ್ಲ, ಕೀಲಿಕೈ ಎತ್ತಿಕೊಂಡೆ. ಬೆನ್ನಗಾಳಿಯಲ್ಲೇ ಸಾರವಾಡ ದಾಟಿದೆವು. ಕಟ್ಟೆಯ ಮೇಲಿನವರು ಇನ್ನೂ ಅಲ್ಲೇ ಇದ್ದರು. ಮಾವನವರು ತಲೆ ತಗ್ಗಿಸಿದರೆ ನಾನೂ ನೋಡದಂತೆ ಇದ್ದುಬಿಡಬೇಕು ಎಂದುಕೊಂಡಿದ್ದೆ. ಅವರು ತಗ್ಗಿಸಲಿಲ್ಲ. ಮುದುಕನಿಗೆ ಕೈ ಎತ್ತಿದರು.

ಮುಂದೆ ಊರಿನಲ್ಲಿ ಈ ಕಥೆ ಬೇರೆಯಾಯಿತು. ಸೊಸೆ ಕಾರು ಕಾಯಿಸುತ್ತಿದ್ದಳು, ಸಾಹುಕಾರರು ಜೈನಾಪುರಕ್ಕೆ ಒಯ್ದು ರಿಪೇರಿ ಮಾಡಿಸಿದರು ಎಂದು. ಮಾವನವರು ತೀರಿಕೊಂಡಾಗ ಮಾತಾಡಿಸಲು ಬಂದವರೊಬ್ಬರು ನನ್ನ ಮುಂದೆಯೇ ಅದನ್ನು ಹಾಗೇ ಹೇಳಿದರು. ಮಾವನವರನ್ನು ನೆನೆದು ಕಣ್ಣೀರು ಬರುತ್ತಿದ್ದ ಹೊತ್ತಿನಲ್ಲೂ ನಾನು ತಿದ್ದಿದೆ. ಸತ್ತವರ ಮನೆಯಲ್ಲಿ ಇದೆಂಥ ಹಟ ಎಂದು ಯಾರೋ ಪಿಸುಗುಟ್ಟಿದರು. ಹಟವೇ. ಐದು ಸಲ ರಸ್ತೆಯ ಮಧ್ಯದಲ್ಲಿ ನಿಂತು ಬೈಸಿಕೊಂಡವಳು ನಾನು.

ಫ್ಯಾನ್ ಕೂಡಿಸಿದ ಮರುದಿನ, ಸೋಮವಾರ, ಗಾಳಿ ಎಂದಿಗಿಂತ ಜೋರಾಗಿತ್ತು, ಹಿಂದಿನಿಂದಲೇ. ಅಥಣಿ ರಸ್ತೆಯಲ್ಲಿ ಮೂರು ಚಕ್ಕಡಿಗಳ ಹಿಂದೆ ನಿಧಾನಕ್ಕೆ ಹೋಗಬೇಕಾಯಿತು. ಮುಳ್ಳು ನಡುವಿಗೆ ಬಂತು, ಅಲ್ಲೇ ನಿಂತಿತು. ಶಾಲೆಗೆ ಮುಟ್ಟಿದಾಗ ಗೇಟಿಗೆ ಇನ್ನೂ ಬೀಗವಿತ್ತು. ಇಂಜಿನ್ ಆಫ್ ಮಾಡಲಿಲ್ಲ. ಅದು ತಣ್ಣಗೆ ಓಡುವುದನ್ನು ಕೇಳುತ್ತ ಕೂತೆ. ಕಾವಲುಗಾರ ಬೀಗದ ಕೈ ಹಿಡಿದು ಬಂದು, ಯಾಕ್ರೀ ಟೀಚರ್ ಇವತ್ತ ಇಷ್ಟ ಲಗೂ ಬಂದೀರಿ ಎಂದ. ಗಾಳಿ ಬೆನ್ನಿಗಿತ್ತಪಾ ಎಂದು ನಾನು ಹಾರ್ನ್ ಒತ್ತಿದೆ.